ಮಡುವಿನ ಬೆನ್ನಿಗೇ ಸೆಳವು ಏಕೆ?

ಪ್ರಶ್ನೆ: ಅಮೆರಿಕದ ಐಡಹೊ ರಾಜ್ಯದ ಸಾಲ್ಮನ್ ನದಿಗೆ ಮಿಡಲ್ ಫೋರ್ಕ್ ಎಂಬ ಉಪನದಿಯಿದ್ದು, ಅದು ರಸ್ತೆಗಳಿಲ್ಲದ ಪರ್ವತ ಕಾಡಿನಲ್ಲಿ ಹರಿಯುತ್ತದೆಂದು ಓದಿದೆ. ಅದರಲ್ಲಿ ಶಾಂತವಾದ ಮಡುವಿನ ಬೆನ್ನಿಗೇ ಭೋರ್ಗರೆಯುವ ಸೆಳವು ಬರಲು ಕಾರಣವೇನು?

ಉತ್ತರ: ಬೇರ್ ವ್ಯಾಲಿ ಮತ್ತು ಮಾರ್ಷ್ ಎಂಬ ಎರಡು ತೊರೆಗಳು ಕೂಡುವಲ್ಲಿ ಹುಟ್ಟುವ ಮಿಡಲ್ ಫೋರ್ಕ್, ಸುಮಾರು 167 ಕಿ.ಮೀ. ದೂರ ಹರಿದು, ಅಷ್ಟರಲ್ಲಿ ಸುಮಾರು 900 ಮೀಟರ್ ಕೆಳಗಿಳಿದು ಸಾಲ್ಮನ್ ನದಿಯನ್ನು ಸೇರುತ್ತದೆ. 1968ರ ಕಾಯ್ದೆಯಡಿ ಅಮೆರಿಕ ಮೊತ್ತಮೊದಲು ರಕ್ಷಿಸಿದ ಎಂಟು ನದಿಗಳಲ್ಲಿ ಇದೂ ಒಂದು. ಸುತ್ತಲಿನ ಕಾಡಿಗೆ 1980ರಲ್ಲಿ ರಕ್ಷಣೆ ದೊರೆಯಿತು.

ಸೆಳವುಗಳಿಗೆ ನದಿಗಿಂತ ಹೆಚ್ಚಾಗಿ ಇಕ್ಕೆಲಗಳಿಂದ ಬಂದು ಸೇರುವ ಕಿರುತೊರೆಗಳೇ ಕಾರಣ. ಇಲ್ಲಿನ ಬೆಟ್ಟಗಳಲ್ಲಿ ಬಹುಪಾಲು ಗ್ರಾನೈಟ್ ಶಿಲೆ. ಅದು ಶಿಥಿಲವಾದಾಗ ಜಿಗುಟಿಲ್ಲದ ದಪ್ಪ ಮರಳಾಗುವುದರಿಂದ ಕಡಿದಾದ ಇಳಿಜಾರಿನಲ್ಲಿ ಭದ್ರವಾಗಿ ನಿಲ್ಲುವುದಿಲ್ಲ. ಕಾಳ್ಗಿಚ್ಚು ಬೇರುಗಳನ್ನು ಸುಟ್ಟು, ನೆಲವು ನೀರು ಹೀರದಂತೆ ಮಾಡಿದ ಮೇಲೆ ಬೇಸಿಗೆಯ ಗುಡುಗುಮಳೆಯೊಂದು ಸುರಿದರೆ, ಮರಳು, ಮರದ ದಿಮ್ಮಿಗಳು ಮತ್ತು ಬಂಡೆಗಳು ಕೆಸರಿನೊಡನೆ ಕಿರುಕಣಿವೆಯಲ್ಲಿ ನುಗ್ಗಿ ಬಂದು, ಮುಖ್ಯ ನದಿಯ ಪಾತ್ರದೊಳಕ್ಕೆ ಬೀಸಣಿಗೆಯ ಆಕಾರದಲ್ಲಿ ಹರಡಿಕೊಳ್ಳುತ್ತವೆ. ನದಿ ಎದುರು ದಡಕ್ಕೆ ಒತ್ತರಿಸಲ್ಪಡುತ್ತದೆ. ಈ ಅಡ್ಡಗಟ್ಟೆಯ ಮೇಲ್ಗಡೆ ನೀರು ತಂಗಿ ಮಡುವಾದರೆ, ಕೆಳಗಡೆ ಇಕ್ಕಟ್ಟಾದ ಪಾತ್ರದಲ್ಲಿ ಧುಮ್ಮಿಕ್ಕಿ ಸೆಳವಾಗುತ್ತದೆ. ಮರಳನ್ನೂ ಜಲ್ಲಿಯನ್ನೂ ಹಿಮ ಕರಗುವ ಕಾಲದ ಪ್ರವಾಹ ಕೊಚ್ಚಿಕೊಂಡು ಹೋಗುತ್ತದೆ. ಅದು ಕದಲಿಸಲಾರದ ಬಂಡೆಗಳು ಅಲ್ಲೇ ಉಳಿಯುತ್ತವೆ. ಪಿಸ್ಟಲ್ ಕ್ರೀಕ್‌ನಂಥ ಹಲವು ಸೆಳವುಗಳಿಗೆ ಪಕ್ಕದ ತೊರೆಯ ಹೆಸರೇ ಇರುವುದನ್ನು ಗಮನಿಸಬಹುದು.

ಬಿಗ್ ಕ್ರೀಕ್ ತೊರೆ ಸೇರಿದ ಬಳಿಕ ಕಣಿವೆ ಎಷ್ಟು ಕಿರಿದಾಗುತ್ತದೆಂದರೆ ದಂಡೆಗುಂಟ ಕಾಲುದಾರಿಗೂ ಸ್ಥಳವಿಲ್ಲ. ಆ ಭಾಗದ ಹೆಸರೇ ‘ಇಂಪಾಸಬಲ್ ಕ್ಯಾನ್ಯನ್’.

ಇಳಿಜಾರಿನಿಂದ ಬರುವ ಈ ಕಲ್ಲುಮಣ್ಣನ್ನು ಕೇವಲ ಹಾವಳಿಯೆಂದು ಎಣಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಪೆಸಿಫಿಕ್ ಸಾಗರದಿಂದ ಕೊಲಂಬಿಯ ಮತ್ತು ಸ್ನೇಕ್ ನದಿಗಳ ಎಂಟು ಅಣೆಕಟ್ಟುಗಳನ್ನು ದಾಟಿ ಬರುವ ಚಿನೂಕ್ ಸಾಲ್ಮನ್ ಮೀನು, ಮಾರ್ಷ್ ಮತ್ತು ಬೇರ್ ವ್ಯಾಲಿ ತೊರೆಗಳ ಜಲ್ಲಿಯನ್ನು ಬಾಲದಿಂದ ಕೆದರಿ, ಆ ಗುಳಿಯಲ್ಲಿ ಮೊಟ್ಟೆಯಿಡುತ್ತದೆ. ಬೆಟ್ಟಗಳಿಂದ ಜಲ್ಲಿ ಬಾರದಿದ್ದರೆ ಅದಕ್ಕೆ ಗೂಡಿನ ನೆಲೆಯೇ ಇರುವುದಿಲ್ಲ. ಕಾಳ್ಗಿಚ್ಚು, ಗುಡುಗುಮಳೆಗಳು ಇಂದಿಗೂ ನಿಂತಿಲ್ಲವಾದ್ದರಿಂದ ಹಳೆಯ ಸೆಳವುಗಳು ಸ್ವರೂಪ ಬದಲಿಸುತ್ತವೆ, ಹೊಸವು ಹುಟ್ಟುತ್ತವೆ. ದೋಣಿಯವರು ಪ್ರತಿ ಋತುವಿನಲ್ಲೂ ನೀರಿನ ದಾರಿಯನ್ನು ಮತ್ತೆ ನೋಡಿಕೊಂಡೇ ಇಳಿಯುತ್ತಾರೆ.