ಫೋಟೊ ಬಂದಿದೆ, ಆದರೆ ಅಕ್ಷರದ ವೇಷದಲ್ಲಿ

ಪ್ರಶ್ನೆ: ಅಪ್ಪ 1990ರ ದಶಕದ ಶುರುವಿನ ಕೆಲವು ಇ-ಮೇಲ್‌ಗಳನ್ನು ಫೈಲ್ ಮಾಡಿ ಉಳಿಸಿಟ್ಟಿದ್ದರು. ಈಚೆಗೆ ತೆರೆದು ನೋಡಿದೆ. ಅವರ ಗೆಳೆಯರು 'ಫೋಟೊ ಕಳಿಸಿದ್ದೇನೆ, ನೋಡು' ಎಂದು ಬರೆದಿದ್ದಾರೆ. ಕೆಳಗೆ 'ಬಿಗಿನ್ 644' ಎಂಬ ಸಾಲು. ಆಮೇಲೆ ಪುಟಗಟ್ಟಲೆ ತಲೆಬುಡವಿಲ್ಲದ ಅಕ್ಷರಗಳು. ಹೆಚ್ಚುಕಮ್ಮಿ ಎಲ್ಲ ಸಾಲೂ ಇಂಗ್ಲಿಷಿನ 'ಎಂ'ನಿಂದಲೇ ಶುರು. ಮುಂದಿನ ಎರಡು ಮೇಲ್‌ಗಳಲ್ಲಿ 'ಬಿಗಿನ್' ಕೂಡ ಇಲ್ಲ, ಬರೀ ಈ ಸಾಲುಗಳು. ಫೈಲ್ ಕೆಟ್ಟುಹೋಗಿದೆಯಾ? ಫೋಟೊ ಎಲ್ಲಿ?

ಉತ್ತರ: ಕೆಟ್ಟಿಲ್ಲ. ನೀವು ನೋಡುತ್ತಿರುವುದೇ ಫೋಟೊ. ಒಂದೇ ಫೋಟೊ ಮೂರು ತುಂಡಾಗಿ ಬಂದಿದೆ, ಅಷ್ಟೇ.

ಆಗಿನ ಇ-ಮೇಲ್ ವ್ಯವಸ್ಥೆ ಕಟ್ಟಿದ್ದು ಇಂಗ್ಲಿಷ್ ಪತ್ರ ಸಾಗಿಸೋಕೆ. ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿಸಿದರೂ 7 ಬಿಟ್ (ಬಿಟ್ ಅಂದರೆ ಒಂದು 0 ಅಥವಾ 1) ಸಾಕು, ಅಂದರೆ 128 ಬಗೆ. ಚಿತ್ರದ ಫೈಲಿಗೆ 8 ಬಿಟ್ಟೂ ಬೇಕು, 256 ಬಗೆ. ಚಿತ್ರವನ್ನು ಹಾಗೇ ಮೇಲ್‌ಗೆ ತುಂಬಿದರೆ ದಾರಿಯಲ್ಲಿನ ಯಾವುದೋ ಕಂಪ್ಯೂಟರ್ ಎಂಟನೆಯ ಬಿಟ್ಟನ್ನು ಕತ್ತರಿಸಿಬಿಡುತ್ತಿತ್ತು. ಆಮೇಲೆ ಚಿತ್ರ ಮುಗೀತು.

ಇದಕ್ಕೆ 1980ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮೇರಿ ಆನ್ ಹಾರ್ಟನ್ ಒಂದು ಉಪಾಯ ಮಾಡಿದರು. ಅದರ ಹೆಸರು ಯುಯುಎನ್‌ಕೋಡ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಫೈಲಿನ ಮೂರು ಬೈಟ್ ತಗೊಳ್ಳಿ, ಒಟ್ಟು 24 ಬಿಟ್. ಆರಾರರಂತೆ ನಾಲ್ಕು ಪಾಲು ಮಾಡಿ. ಪ್ರತಿ ಪಾಲಿಗೂ 32 ಕೂಡಿಸಿ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ, ಬಂದ ಸಂಖ್ಯೆಗೆ ಸರಿಹೊಂದುವ ಅಕ್ಷರ ಬರೆಯಿರಿ. ಈಗ ಚಿತ್ರ ಪತ್ರದ ಹಾಗೆ ಕಾಣುತ್ತದೆ, ಮೇಲ್ ವ್ಯವಸ್ಥೆ ಬಾಯಿ ಮುಚ್ಚಿಕೊಂಡು ಸಾಗಿಸುತ್ತದೆ.

ನಿಮ್ಮ ಫೈಲಿನಲ್ಲೇ ನೋಡಬಹುದು. ಸಾಲಿನ ಮೊದಲ ಅಕ್ಷರ ಆ ಸಾಲಿನಲ್ಲಿ ಎಷ್ಟು ಬೈಟ್ ಇದೆ ಅಂತ ಹೇಳುತ್ತದೆ. ತುಂಬಿದ ಸಾಲಿಗೆ 45 ಬೈಟ್. 32 ಕೂಡಿಸಿದರೆ 77, ಅದು 'ಎಂ'ನ ಸಂಖ್ಯೆ. ಅದಕ್ಕೇ ಎಲ್ಲೆಲ್ಲೂ ಎಂ! ಈಗ 'ಬಿಗಿನ್' ಆದಮೇಲಿನ ಮೊದಲ ಸಾಲಿನಲ್ಲಿ, ಎಂ ಪಕ್ಕದಲ್ಲಿ 1, ಟಿ, ಇ, & ಇದೆಯಾ ನೋಡಿ. ಇದ್ದರೆ ಅದು ಜಿಫ್ ಚಿತ್ರ. ಜಿಫ್ ಫೈಲುಗಳ ಮೊದಲ ಮೂರು ಬೈಟ್ ಜಿ, ಐ, ಎಫ್ ಎಂಬ ಅಕ್ಷರಗಳೇ, ಅಂದರೆ 71, 73, 70. ಮೇಲಿನ ಲೆಕ್ಕ ಹಾಕಿದರೆ ಸಿಗುವುದು ಈ ನಾಲ್ಕೇ. ಆಗ ಫೋಟೊ ಅಂದರೆ ಬಹಳ ಸಲ ಜಿಫ್ಪೇ. 1987ರಲ್ಲಿ ಕಂಪ್ಯೂಸರ್ವ್ ಕಂಪನಿ ತಂದದ್ದು, 256 ಬಣ್ಣಗಳ ಮಿತಿ. 644 ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂದು ಹೇಳುವ, ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಗುರುತು.

ತುಂಡು ಮಾಡಿದ್ದು ಯಾಕೆ? ಉದ್ದದ ಮೇಲ್ ಬಂದರೆ ಎಷ್ಟೋ ಕಡೆ ಒಳಗೆ ಬಿಡುತ್ತಲೇ ಇರಲಿಲ್ಲ. ನನಗೆ ಇಂಥ ಮೇಲ್ ಬಂದರೆ ಮೊದಲು ಕೊನೆಯ ತುಂಡು ತೆರೆದು, ಫೈಲ್ ಮುಗಿಯಿತು ಎನ್ನುವ 'ಎಂಡ್' ಸಾಲು ಇದೆಯಾ ಅಂತ ನೋಡುತ್ತಿದ್ದೆ. ಇಲ್ಲದಿದ್ದರೆ ಮಿಕ್ಕದ್ದನ್ನು ಜೋಡಿಸುವುದು ಸುಮ್ನೆ ದಂಡ.

ಈಗ ಕೆಲಸಕ್ಕೆ ಬನ್ನಿ. ಮೂಲ ಫೈಲಿನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಮೂರೂ ತುಂಡನ್ನು ಕ್ರಮವಾಗಿ ಒಂದೇ ಟೆಕ್ಸ್ಟ್ ಫೈಲಿಗೆ ಅಂಟಿಸಿ. ನಡುವೆ ಬರುವ 'ಇಂದ', 'ಗೆ', 'ವಿಷಯ' ಥರದ ಸಾಲುಗಳು, ಖಾಲಿ ಸಾಲುಗಳು, ಗೆಳೆಯರ ಸಹಿ ಎಲ್ಲ ತೆಗೆಯಿರಿ. ವರ್ಡ್‌ನಲ್ಲಿ ಮಾತ್ರ ಮಾಡಬೇಡಿ. ಅದು ಉದ್ಧರಣ ಚಿಹ್ನೆಗಳನ್ನು ತನಗೆ ಬೇಕಾದ ಹಾಗೆ ತಿದ್ದಿಬಿಡುತ್ತದೆ. ಬರೀ ನೋಟ್‌ಪ್ಯಾಡ್ ಸಾಕು. ಆಮೇಲೆ ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ 'ಯುಯುಡಿಕೋಡ್' ಆಜ್ಞೆ ಕೊಡಿ. ವಿಂಡೋಸ್‌ನಲ್ಲಾದರೆ ಫೈಲಿನ ಹೆಸರಿನ ಕೊನೆಗೆ 'ಯುಯುಇ' ಎಂದು ಹಾಕಿ ವಿನ್‌ರಾರ್‌ನಲ್ಲಿ ತೆರೆಯಿರಿ.

ತಕರಾರು ಬಂದರೆ ಸಾಲಿನ ಉದ್ದ ಎಣಿಸಿ. ಎಂ ಸಾಲು ಅಂದರೆ ಸರಿಯಾಗಿ 61 ಅಕ್ಷರ. ಕಡಿಮೆ ಇದ್ದರೆ, ಕೊನೆಯಲ್ಲಿದ್ದ ಖಾಲಿ ಜಾಗಗಳನ್ನು ಯಾವುದೋ ಮೇಲ್ ಯಂತ್ರ ಕಸ ಅಂತ ಗುಡಿಸಿಹಾಕಿರುತ್ತದೆ. ಹಳೆಯ ಯುಯುಎನ್‌ಕೋಡ್‌ನಲ್ಲಿ ಸೊನ್ನೆಗೆ ಖಾಲಿ ಜಾಗವೇ ಗುರುತು. 61 ಆಗುವವರೆಗೆ ಸ್ಪೇಸ್ ಒತ್ತಿ, ಬಹುಪಾಲು ಸರಿಹೋಗುತ್ತದೆ.

ಇನ್ನೊಂದು ಮಾತು. ಮೇಲ್‌ನಲ್ಲಿ ಚಿತ್ರ ಅಂದ ಕೂಡಲೇ ಎಲ್ಲರೂ ನಥಾನಿಯಲ್ ಬೋರೆನ್‌ಸ್ಟೀನ್ ಹೆಸರು ಹೇಳುತ್ತಾರೆ. ಅವರು ಮತ್ತು ನೆಡ್ ಫ್ರೀಡ್ 1992ರಲ್ಲಿ ಮೈಮ್ ಎಂಬ ಪದ್ಧತಿ ತಂದರು. ಈಗಿನ ಅಟ್ಯಾಚ್‌ಮೆಂಟ್ ಅದರದ್ದೇ ಕೊಡುಗೆ, ಒಪ್ಪಿದೆ. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲಿಂದ ನಿಮ್ಮ ಅಪ್ಪನ ಗೆಳೆಯರಂಥವರು ಹೀಗೆ ಕೂತು ತುಂಡು ಮಾಡಿ ಕಳಿಸುತ್ತಿದ್ದರಲ್ವಾ? ಫೋನ್ ತಂತಿಯ ಮೇಲೆ ಸೆಕೆಂಡಿಗೆ 2400 ಬಿಟ್ ಕಳಿಸುವ ಮೋಡೆಮ್‌ನಲ್ಲಿ 100 ಕೆಬಿ ಚಿತ್ರವನ್ನು ಹೀಗೆ ಅಕ್ಷರ ಮಾಡಿ ಕಳಿಸೋಕೆ ಹತ್ತಿರ ಹತ್ತಿರ 10 ನಿಮಿಷ. ನಡುವೆ ಮನೆಯಲ್ಲಿ ಯಾರಾದರೂ ಫೋನ್ ಎತ್ತಿದರೆ ಮತ್ತೆ ಮೊದಲಿಂದ. ಆ ಸ್ನೇಹಕ್ಕೆ ನನ್ನದೊಂದು ನಮಸ್ಕಾರ.

ಪ್ರಶ್ನೆ: ಎಫ್‌ಟಿಪಿಯಲ್ಲಿ (ಕಂಪ್ಯೂಟರಿಂದ ಕಂಪ್ಯೂಟರಿಗೆ ಫೈಲ್ ಸಾಗಿಸುವ ವಿಧಾನ) ಗೆಳೆಯನಿಂದ ಇಳಿಸಿಕೊಂಡಿದ್ದ ಹಳೆಯ ಚಿತ್ರವೊಂದು ತೆರೆಯುತ್ತಿಲ್ಲ. ಅವನ ಪ್ರತಿಗಿಂತ ನನ್ನ ಫೈಲೇ ಸ್ವಲ್ಪ ದೊಡ್ಡದಿದೆ. ದಾರಿಯಲ್ಲಿ ಫೈಲ್ ಬೆಳೆಯುತ್ತಾ?

ಉತ್ತರ: ಬೆಳೆಯುತ್ತೆ! 'ಬೈನರಿ', ಅಂದರೆ ಇದು ಟೆಕ್ಸ್ಟ್ ಅಲ್ಲ, ಎಂದು ಹೇಳದೆ ಇಳಿಸಿದ್ದೀರಿ. ಎಫ್‌ಟಿಪಿಯ ಮೊದಲ ರೂಪವನ್ನು 1971ರಲ್ಲಿ ಎಂಐಟಿಯಲ್ಲಿದ್ದ ಅಭಯ್ ಭೂಷಣ್ ಬರೆದರು. ಟೆಕ್ಸ್ಟ್ ಕಳಿಸುವಾಗ ಸಾಲಿನ ಕೊನೆಯ ಗುರುತನ್ನು ಆಯಾ ಯಂತ್ರಕ್ಕೆ ತಕ್ಕಂತೆ ಬದಲಿಸುವುದು ಎಫ್‌ಟಿಪಿಯ ಕೆಲಸಗಳಲ್ಲೊಂದು. ಯುನಿಕ್ಸ್‌ನಲ್ಲಿ ಆ ಗುರುತು 10, ಹಳೆಯ ಪಿಸಿಗಳ ಡಾಸ್‌ನಲ್ಲಿ 13 ಮತ್ತು 10. ಚಿತ್ರವನ್ನೂ ಟೆಕ್ಸ್ಟ್ ಅಂದುಕೊಂಡರೆ 10 ಕಂಡಲ್ಲೆಲ್ಲ ಅದಕ್ಕೆ ಮೊದಲು ಒಂದು 13 ತುರುಕುತ್ತದೆ. ಹೀಗೆ ದೊಡ್ಡದಾದ ಫೈಲಿನಲ್ಲಿ 13-10 ಜೋಡಿಗಳನ್ನೆಲ್ಲ ಬರೀ 10 ಮಾಡಿದರೆ ಚಿತ್ರ ವಾಪಸ್ ಸಿಗುವ ಸಾಧ್ಯತೆ ಇದೆ. ಫೈಲ್ ಚಿಕ್ಕದಾಗಿದ್ದರೆ ಕಷ್ಟ. ನಿಮ್ಮ ವಿಷಯದಲ್ಲಿ ಗೆಳೆಯರ ಹತ್ತಿರವೇ ಒಳ್ಳೆಯ ಪ್ರತಿ ಇದೆಯಲ್ಲ, ಕೇಳಿ ಇಸ್ಕೊಳ್ಳಿ. ಈ ಕಾಟ ಎಷ್ಟಿತ್ತು ಅಂದರೆ, 1996ರಲ್ಲಿ ಬಂದ ಪಿಎನ್‌ಜಿ ಚಿತ್ರಗಳ ಮೊದಲ ಎಂಟು ಬೈಟ್‌ಗಳ ಒಳಗೆ ಬೇಕಂತಲೇ 13, 10, ಆಮೇಲೆ ಮತ್ತೊಂದು 10 ಇಟ್ಟಿದ್ದಾರೆ. ಯಾರಾದರೂ ಕೈಯಾಡಿಸಿದರೆ ತಲೆಬಾಗಿಲಲ್ಲೇ ಗೊತ್ತಾಗಲಿ ಅಂತ.

ಪ್ರಶ್ನೆ: ನನ್ನ ಮೇಲ್ ಮಿತಿ 25 ಎಂಬಿ. 20 ಎಂಬಿ ಫೋಟೊ ಕಟ್ಟು ಕಳಿಸಿದರೂ ಜಾಸ್ತಿ ಆಯಿತು ಅನ್ನುತ್ತದೆ. ಯಾಕೆ?

ಉತ್ತರ: ಮೇಲ್ ಈಗಲೂ ಫೋಟೊವನ್ನು ಅಕ್ಷರ ಮಾಡಿಯೇ ಕಳಿಸುತ್ತದೆ. ಈಗಿನ ವಿಧಾನದ ಹೆಸರು ಬೇಸ್64, ಲೆಕ್ಕ ಅದೇ ಮೂರಕ್ಕೆ ನಾಲ್ಕು. ನಿಮ್ಮ 20 ಎಂಬಿ ದಾರಿಯಲ್ಲಿ 27 ದಾಟುತ್ತದೆ. 18ರ ಒಳಗಿರಲಿ, ಇಲ್ಲವೇ ಎರಡು ಮೇಲ್ ಮಾಡಿ.