ಪಾಪನಿವೇದನೆ ಆದಮೇಲೂ ಮನಸ್ಸು ಕೊರೆಯುತ್ತಿದ್ದರೆ

ಕುಂಬಳೆಯ ಅಣ್ಣಾ, ನೆರೆಮನೆಯವರ ಅಡಿಕೆ ಮಾರಿಕೊಟ್ಟಾಗ 10 ಕಿಲೋದ ದುಡ್ಡು ಇಟ್ಟುಕೊಂಡೆ, ಚರ್ಚಿನಲ್ಲಿ ಫಾದರ್ ಮುಂದೆ ತಪ್ಪು ಒಪ್ಪಿಕೊಂಡು ಪಾಪನಿವೇದನೆ ಮಾಡಿದರೂ ನಿದ್ದೆಯಿಲ್ಲ, ದೇವರು ಕ್ಷಮಿಸಿಲ್ಲವೇ ಅಂತ ಕೇಳಿದ್ದೀರಿ. ಮನಸಾರೆ ಪಶ್ಚಾತ್ತಾಪಪಟ್ಟಿದ್ದರೆ ಕ್ಷಮಿಸಿದ್ದಾರೆ, ಅನುಮಾನವೇ ಬೇಡ. ಉಳಿದಿರುವುದು ಆ ದುಡ್ಡು. ಪಶ್ಚಾತ್ತಾಪ, ನಿವೇದನೆಯ ಜತೆ ಪರಿಹಾರವೂ, ಅಂದರೆ ಮಾಡಿದ ತಪ್ಪನ್ನು ಸರಿಪಡಿಸುವುದೂ, ಈ ಸಂಸ್ಕಾರದ (ಚರ್ಚಿನ ಪವಿತ್ರ ವಿಧಿಯ) ಭಾಗ. ಕೆಲವರು ಫಾದರ್ ಹೇಳಿದ ಜಪ ಮುಗಿಸಿ ಅಲ್ಲಿಗೇ ನಿಲ್ಲುತ್ತಾರೆ. ಬೈಬಲಿನಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ, ಮೋಸದಿಂದ ಯಾರಿಂದಾದರೂ ತೆಗೆದುಕೊಂಡಿದ್ದರೆ ನಾಲ್ಕು ಪಟ್ಟು ಕೊಡುತ್ತೇನೆಂದ (ಲೂಕ 19:8). ನಿಮಗೆ ಅಷ್ಟು ಕಡ್ಡಾಯವಿಲ್ಲ, ಅಂದಿನ ದರದಲ್ಲಿ 10 ಕಿಲೋಗೆ ಲೆಕ್ಕಹಾಕಿ ಕವರಿನಲ್ಲಿಟ್ಟು ತಲುಪಿಸಿ. ಎದುರು ನಿಲ್ಲಲು ಧೈರ್ಯ ಸಾಲದಿದ್ದರೆ ಫಾದರ್ ಕೈಯಲ್ಲಿ ಕಳಿಸಬಹುದಾ ಕೇಳಿನೋಡಿ. ನಿವೇದನೆಯ ಗುಟ್ಟನ್ನು ಅವರು ಯಾರ ಮುಂದೆಯೂ ಬಿಡುವಂತಿಲ್ಲ. ಕಾಣಿಕೆ ಡಬ್ಬಿಗೆ ಮಾತ್ರ ಹಾಕಬೇಡಿ, ಅದು ಆ ಮನೆಗೇ ಸೇರಬೇಕು. ನೆರೆಮನೆಯವರು ತೀರಿಹೋಗಿದ್ದರೆ ಅವರ ಮಕ್ಕಳ ಕೈಗೆ ಕೊಡಿ.