ಮಂದ ಬೆಳಕು, ಪುಟ್ಟ ಕ್ಯಾಮೆರಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕ್ಯಾನನ್ ಜಿ7ಎಕ್ಸ್ ಮಾರ್ಕ್ 2 ಇಟ್ಟುಕೊಂಡಿದ್ದೇನೆ. ರಾತ್ರಿ ಯಕ್ಷಗಾನಕ್ಕೆ ಹೋಗಿ ಆಟೋ ಮೋಡ್‌ನಲ್ಲಿ ತೆಗೆದರೆ ವೇಷದ ಮುಖ ಬೆಳ್ಳಗೆ ಸುಟ್ಟುಹೋದಂತೆ ಬರುತ್ತದೆ, ಕೈಕಾಲೆಲ್ಲ ಕಲಸಿಹೋಗಿರುತ್ತದೆ. ಫ್ಲ್ಯಾಶ್ ಹಾಕಿದರೆ ಮುಂದಿನ ಸಾಲಿನವರ ತಲೆ ಮಾತ್ರ ಚೆನ್ನಾಗಿ ಬೀಳುತ್ತದೆ. ಸೆಟ್ಟಿಂಗ್ ಹೇಗಿಡಬೇಕು?
— ಓದುಗರು, ಪುತ್ತೂರು

ಉತ್ತರ: ಮೊದಲು ಫ್ಲ್ಯಾಶ್ ಮಡಚಿಡಿ. ಅದರ ಬೆಳಕು ಕೆಲವೇ ಮೀಟರ್ ಹೋಗುತ್ತದೆ, ಕಲಾವಿದರ ಕಣ್ಣಿಗೂ ಕಿರಿಕಿರಿ. ಫೋಕಸ್‌ಗೆ ನೆರವಾಗುವ ಪುಟ್ಟ ದೀಪವನ್ನೂ ಮೆನುವಿನಲ್ಲಿ ಆಫ್ ಮಾಡಿ.

ನಿಮ್ಮ ಎರಡು ತೊಂದರೆಗಳಿಗೆ ಕಾರಣ ಬೇರೆ ಬೇರೆ. ಕಲಸುವುದು ಶಟರ್ ನಿಧಾನವಾದ್ದರಿಂದ. ಆಟೋ ಮೋಡ್‌ಗೆ ನಿಮ್ಮ ಕೈ ನಡುಗದಿದ್ದರೆ ಸಾಕು, ವೇಷ ಕುಣಿಯುತ್ತಿದೆ ಎಂಬುದರ ಗೊಡವೆ ಅದಕ್ಕಿಲ್ಲ. ಕೈ ನಡುಕವನ್ನು ಹಿಡಿದಿಡುವ ಸ್ಟೆಬಿಲೈಸರ್ ಕುಣಿತವನ್ನು ಹಿಡಿದಿಡಲಾರದು. ಮುಖ ಸುಡುವುದು ಬೆಳಕು ಅಳೆಯುವ ಮೀಟರ್ ಮೋಸಹೋಗುವುದರಿಂದ. ಚಿತ್ರದ ಮುಕ್ಕಾಲು ಭಾಗ ಕಪ್ಪು ಹಿನ್ನೆಲೆ ಇದ್ದರೆ ಕ್ಯಾಮೆರಾ ಅದನ್ನೆಲ್ಲ ಬೂದುಬಣ್ಣಕ್ಕೆ ತರಲು ಹೊರಡುತ್ತದೆ. ಆ ಭರದಲ್ಲಿ ಮುಖ ಅತಿಯಾಗಿ ಬೆಳಗಿಬಿಡುತ್ತದೆ.

ಡಯಲ್ ಅನ್ನು ಟಿವಿ (Tv) ಮೋಡ್‌ಗೆ ತಿರುಗಿಸಿ. ಇಲ್ಲಿ ಶಟರ್ ವೇಗ ನೀವು ಹೇಳಿದ್ದು, ಉಳಿದದ್ದು ಕ್ಯಾಮೆರಾ ನೋಡಿಕೊಳ್ಳುತ್ತದೆ. ವೇಷಧಾರಿ ನಿಂತು ಅರ್ಥ ಹೇಳುವಾಗ ಸೆಕೆಂಡಿನ 1/125 ಸಾಕು. ಕುಣಿತಕ್ಕೆ 1/250. ಧೀಂಗಿಣಕ್ಕೆ (ಗಿರಗಿರನೆ ಸುತ್ತುವ ಕುಣಿತಕ್ಕೆ) 1/500 ಬೇಕು, ಆಗಲೂ ವಸ್ತ್ರದ ಅಂಚು ಸ್ವಲ್ಪ ಹರಿಯುತ್ತದೆ. ಅದು ಇರಲಿ, ಚೆನ್ನಾಗಿಯೇ ಕಾಣುತ್ತದೆ. ಇಷ್ಟು ವೇಗ ಸಿಗದಷ್ಟು ಬೆಳಕು ಕಡಿಮೆಯಿದ್ದರೆ ಚೆಂಡೆಯ ಮುಕ್ತಾಯಕ್ಕೆ ಕಾದು, ಹೆಜ್ಜೆ ನಿಲ್ಲುವ ಗಳಿಗೆಯಲ್ಲಿ ಒತ್ತಿ. 1/160ರಲ್ಲೂ ಮುಖ ಸ್ಪಷ್ಟವಾಗಿ ಸಿಗುತ್ತದೆ.

ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೋದಲ್ಲಿರಲಿ, ಗರಿಷ್ಠ ಮಿತಿ 3200. ಚಿತ್ರದ ಬೆಳಗು ಏರಿಸಿ ಇಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಡಯಲ್ ಅನ್ನು ಮೈನಸ್ 1ಕ್ಕೆ, ಅಂದರೆ ಮೂರು ಕ್ಲಿಕ್ ಕೆಳಗೆ ತನ್ನಿ. ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಕಿರೀಟದ ಬೇಗಡೆಯ ಹೊಳಪು ಅಲ್ಲಲ್ಲಿ ಬಿಳಿಯಾಗಿದ್ದರೆ ಚಿಂತೆಯಿಲ್ಲ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲಿನ ಚಿಟ್ಟಿಯನ್ನು ನೋಡಿ: ಅಕ್ಕಿಹಿಟ್ಟಿನ ಆ ಮುಳ್ಳುಗಳು ಬಿಡಿಬಿಡಿಯಾಗಿ ಎಣಿಸುವಂತೆ ಕಂಡರೆ ಎಕ್ಸ್‌ಪೋಷರ್ ಸರಿಯಿದೆ. ಎಲ್ಲ ಸೇರಿ ಒಂದೇ ಬಿಳಿ ಪಟ್ಟಿಯಾಗಿದ್ದರೆ ಇನ್ನೆರಡು ಕ್ಲಿಕ್ ಇಳಿಸಿ.

ರಂಗಸ್ಥಳದ ದೀಪ ಆಟದುದ್ದಕ್ಕೂ ಬದಲಾಗುವುದಿಲ್ಲವಾದರೆ ಎಲ್ಲವನ್ನೂ ನೀವೇ ಹೊಂದಿಸುವ ಎಂ ಮೋಡ್ ಇನ್ನೂ ಉತ್ತಮ. ಅಪರ್ಚರ್ (ಲೆನ್ಸ್‌ನ ಕಿಂಡಿ, ಸಂಖ್ಯೆ ಸಣ್ಣದಾದಷ್ಟು ಕಿಂಡಿ ದೊಡ್ಡದು) ಎಫ್/2.8, ಶಟರ್ 1/250, ಐಎಸ್‌ಒ 1600ರಿಂದ ಶುರುಮಾಡಿ. ಚಿತ್ರ ಕಪ್ಪಾದರೆ 3200ಕ್ಕೇರಿಸಿ. ಒಮ್ಮೆ ಕುದುರಿದರೆ ಬಿಳಿ ವೇಷ ಬರಲಿ, ಕಪ್ಪು ವೇಷ ಬರಲಿ, ಮುಟ್ಟುವ ಅಗತ್ಯವಿಲ್ಲ.

ಜೂಮ್ ಬಗ್ಗೆ ಒಂದು ಮಾತು. ಈ ಲೆನ್ಸ್ 24 ಮಿ.ಮೀ.ನಲ್ಲಿ ಎಫ್/1.8, 100 ಮಿ.ಮೀ.ಗೆ ಹೋದರೆ ಎಫ್/2.8. ಹೀಗೆ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹತ್ತನೇ ಸಾಲಿನಿಂದ ಪೂರ್ತಿ ಜೂಮ್ ಮಾಡುವುದಕ್ಕಿಂತ ರಂಗಸ್ಥಳದ ಪಕ್ಕಕ್ಕೆ ಹೋಗಿ ನಿಲ್ಲುವುದು ಲೇಸು. ಫೋಕಸ್‌ಗೆ ಮಧ್ಯದ ಒಂದೇ ಬಿಂದು ಆರಿಸಿ. ಗಾಢ ಬಣ್ಣಗಾರಿಕೆಯ ಮುಖವನ್ನು ಕ್ಯಾಮೆರಾ ಕೆಲವೊಮ್ಮೆ ಮುಖವೆಂದೇ ಗುರುತಿಸುವುದಿಲ್ಲ. ಕಿರೀಟ ಮತ್ತು ಹಣೆ ಕೂಡುವ ಗೆರೆಯ ಮೇಲಿಟ್ಟರೆ ಬೇಗ ಹಿಡಿಯುತ್ತದೆ.

ಪ್ರಶ್ನೆ: ಸಣ್ಣ ಕ್ಯಾಮೆರಾದಲ್ಲಿ ಐಎಸ್‌ಒ 400 ದಾಟಲೇಬಾರದು ಎನ್ನುತ್ತಾರೆ. ಹಾಗೇ ತೆಗೆದು, ಕಪ್ಪಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ಬೆಳಗಿಸುತ್ತೇನೆ. ಆದರೂ ಕಾಳುಕಾಳು ಬರುತ್ತದಲ್ಲ?
— ಓದುಗರು, ದಾವಣಗೆರೆ

ಉತ್ತರ: ಬರಲೇಬೇಕು. ಕಾಳುಗಳಿಗೆ ಮುಖ್ಯ ಕಾರಣ ಐಎಸ್‌ಒ ಸಂಖ್ಯೆಯಲ್ಲ, ಸೆನ್ಸರ್‌ಗೆ ಬಿದ್ದ ಬೆಳಕು ಸಾಲದಿರುವುದು. ಜೇಬಿನ ಕ್ಯಾಮೆರಾಗಳಲ್ಲಿ ಒಳ್ಳೆಯವೆನಿಸಿದ ಒಂದಿಂಚಿನ ಸೆನ್ಸರ್‌ನ ನಿಜ ಅಳತೆ 13.2 × 8.8 ಮಿ.ಮೀ. ಮಾತ್ರ. 36 × 24 ಮಿ.ಮೀ.ನ ಫುಲ್ ಫ್ರೇಮ್ ಅದರ ಏಳು ಪಟ್ಟಿಗೂ ದೊಡ್ಡದು. ಇನ್ನೂ ಅಗ್ಗದ ಕ್ಯಾಮೆರಾಗಳ 1/2.3 ಇಂಚಿನ ಸೆನ್ಸರ್ ಒಂದಿಂಚಿನದರ ಕಾಲು ಭಾಗ. ಬೆಳಕೇ ಕಡಿಮೆ ಸಿಕ್ಕಿರುವಾಗ ಕ್ಯಾಮೆರಾದೊಳಗೆ ಹಿಗ್ಗಿಸಿದರೂ ಕಾಳು, ಕಂಪ್ಯೂಟರಿನಲ್ಲಿ ಹಿಗ್ಗಿಸಿದರೂ ಕಾಳು. ಅದರಲ್ಲೂ ಜೆಪೆಗ್ ಚಿತ್ರದ ನೆರಳನ್ನು ಎಳೆದರೆ ಕಾಳಿನ ಜೊತೆಗೆ ನೇರಳೆ ಕಲೆ, ಚೌಕಚೌಕ ಗುರುತುಗಳು ಬೋನಸ್.

ಆದ್ದರಿಂದ ಈ ಕ್ರಮ ಅನುಸರಿಸಿ: ಅಪರ್ಚರ್ ಪೂರ್ತಿ ತೆರೆಯಿರಿ, ವಸ್ತುವಿನ ಚಲನೆ ಸಹಿಸುವಷ್ಟು ನಿಧಾನದ ಶಟರ್ ಇಡಿ, ಆಮೇಲೂ ಬೆಳಕು ಸಾಲದಿದ್ದರೆ ಐಎಸ್‌ಒ ಎಷ್ಟು ಬೇಕೋ ಅಷ್ಟು ಏರಿಸಿ. 1600ರಲ್ಲಿ ಸರಿಯಾಗಿ ಬೆಳಗಿದ ಚಿತ್ರ, 400ರಲ್ಲಿ ಕಪ್ಪಾಗಿ ತೆಗೆದು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಎಳೆದ ಜೆಪೆಗ್‌ಗಿಂತ ಚೊಕ್ಕಟವಾಗಿರುತ್ತದೆ. ರಾ (RAW, ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ಸೌಲಭ್ಯವಿದ್ದರೆ ಜೆಪೆಗ್ ಜೊತೆಗೆ ಅದನ್ನೂ ಉಳಿಸಿ. ಕಾಳು ತೆಗೆಯುವ ತಂತ್ರಾಂಶಗಳು ರಾ ಮೇಲೆ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತವೆ. ಕಾಳು ಕಂಡರೂ ಚಿತ್ರ ಉಳಿಯುತ್ತದೆ, ಕಲಸಿದರೆ ಹೋಯಿತು.

ಪ್ರಶ್ನೆ: ಮೈಸೂರು ಅರಮನೆಯ ದೀಪಾಲಂಕಾರ ತೆಗೆದರೆ ಬಲ್ಬುಗಳೆಲ್ಲ ಕರಗಿ ಒಂದೇ ಹಳದಿ ಮುದ್ದೆ. ಟ್ರೈಪಾಡ್ ಇಲ್ಲ.
— ಓದುಗರು, ಹಾಸನ

ಉತ್ತರ: ಇಲ್ಲೂ ಕಪ್ಪು ಆಕಾಶದ ಮೋಸವೇ. ಎಂ ಮೋಡ್‌ನಲ್ಲಿ ಐಎಸ್‌ಒ 100, ಎಫ್/4, 1 ಸೆಕೆಂಡ್ ಇಟ್ಟು ಶುರುಮಾಡಿ. ಬಲ್ಬುಗಳು ಬಿಡಿಯಾಗಿ ಕಾಣುವವರೆಗೆ ಅರ್ಧ, ಕಾಲು ಸೆಕೆಂಡಿಗೆ ಇಳಿಸುತ್ತ ಹೋಗಿ. ಕ್ಯಾಮೆರಾವನ್ನು ಕಟ್ಟೆ ಅಥವಾ ಚೀಲದ ಮೇಲೆ ಊರಿ, 2 ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿ ಕೈ ತೆಗೆದುಬಿಡಿ. ಗಟ್ಟಿಯಾಗಿ ಊರಿದ್ದರೆ ಸ್ಟೆಬಿಲೈಸರ್ ಆಫ್ ಇರಲಿ. ಊರಲು ಜಾಗವಿಲ್ಲದಿದ್ದರೆ ಎಫ್/2.8, ಐಎಸ್‌ಒ 800, 1/15 ಇಟ್ಟು ಸ್ಟೆಬಿಲೈಸರ್ ಆನ್ ಮಾಡಿ, ಉಸಿರು ಬಿಟ್ಟು ಸಾಲಾಗಿ ನಾಲ್ಕೈದು ತೆಗೆಯಿರಿ. ಎರಡೂ ಲೆಕ್ಕದಲ್ಲಿ ಚಿತ್ರದ ಬೆಳಗು ಹೆಚ್ಚುಕಡಿಮೆ ಒಂದೇ. ಎಲ್ಲ ಚೂಪಾಗಲಿ ಎಂದು ಎಫ್/11ಕ್ಕೆ ಹೋಗಬೇಡಿ, ಇಷ್ಟು ಸಣ್ಣ ಸೆನ್ಸರ್‌ನಲ್ಲಿ ಎಫ್/8 ದಾಟಿದರೆ ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಚಿತ್ರ ಮೃದುವಾಗುತ್ತದೆ.

ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ದೀಪ ಹತ್ತುವುದು ಸಂಜೆ 7ಕ್ಕೆ. ಡಿಸೆಂಬರಿನಲ್ಲಿ ಅಷ್ಟೊತ್ತಿಗೆ ಆಕಾಶ ಪೂರ್ತಿ ಕಪ್ಪು. ಜೂನ್, ಜುಲೈನಲ್ಲಿ ಮೈಸೂರಿನ ಸೂರ್ಯಾಸ್ತ 6.50ರ ಆಸುಪಾಸು, ಹಾಗಾಗಿ ದೀಪ ಹತ್ತಿದ ಮೊದಲ ಹದಿನೈದು ನಿಮಿಷ ಆಕಾಶದಲ್ಲಿ ನೀಲಿ ಉಳಿದಿರುತ್ತದೆ. ಮಳೆ ಬಿಡುವು ಕೊಟ್ಟರೆ ಕಡುನೀಲಿಯ ಮುಂದೆ ಹೊಂಬಣ್ಣ ಸಿಗುವುದು ಆಗ. ದಸರೆಯಲ್ಲಿ ಈ ಅನುಕೂಲವಿಲ್ಲ.

ಪ್ರಶ್ನೆ: ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಸೋನಿ ಆರ್‌ಎಕ್ಸ್100 ಮಾರ್ಕ್ 5ರಿಂದ ಸದ್ದಿಲ್ಲದೆ ತೆಗೆಯಲು ಎಲೆಕ್ಟ್ರಾನಿಕ್ ಶಟರ್ ಇಟ್ಟಿದ್ದೆ. ಎಲ್ಲ ಚಿತ್ರಗಳಲ್ಲೂ ಅಡ್ಡಡ್ಡ ಕಪ್ಪು ಪಟ್ಟೆ!
— ಓದುಗರು, ನ್ಯೂಜೆರ್ಸಿ

ಉತ್ತರ: ಕ್ಯಾಮೆರಾ ಕೆಟ್ಟಿಲ್ಲ. ಅಮೆರಿಕದ ವಿದ್ಯುತ್ 60 ಹರ್ಟ್ಸ್, ಆದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ 120 ಸಲ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ ಕೆಲವು ಸಾಲುಗಳಿಗೆ ಹೆಚ್ಚು ಬೆಳಕು, ಕೆಲವಕ್ಕೆ ಕಡಿಮೆ. ಶಟರ್ ಟೈಪ್ ಮೆನುವಿನಲ್ಲಿ ಮೆಕ್ಯಾನಿಕಲ್ ಆರಿಸಿ. ಇದರ ಸದ್ದು ಹೇಗೂ ಪಕ್ಕದವರಿಗೂ ಕೇಳಿಸದು. ವೇಗ 1/60 ಅಥವಾ 1/125 ಇರಲಿ. ಊರಿಗೆ ಬಂದಾಗ ಇಲ್ಲಿ 50 ಹರ್ಟ್ಸ್ ಎಂಬುದು ನೆನಪಿರಲಿ, ಇಲ್ಲಿಗೆ 1/50 ಅಥವಾ 1/100. ಡಿಮ್ಮರ್ ಹಾಕಿದ ಎಲ್‌ಇಡಿಗಳ ಮಿನುಗು ಈ ಲೆಕ್ಕಕ್ಕೆ ಸಿಗದಿರಬಹುದು, ಅಲ್ಲೂ ಮೆಕ್ಯಾನಿಕಲ್ ಶಟರೇ ಗತಿ.

ಪ್ರಶ್ನೆ: ಕಾರ್ತಿಕ ದೀಪೋತ್ಸವದ ಚಿತ್ರಗಳು ಕ್ಯಾಮೆರಾ ಪರದೆಯಲ್ಲಿ ಚೆನ್ನಾಗಿದ್ದವು, ಮನೆಗೆ ಬಂದು ನೋಡಿದರೆ ಕಪ್ಪು. ಮುಖಗಳೆಲ್ಲ ಕಿತ್ತಳೆ ಹಣ್ಣು.
— ಓದುಗರು, ಶಿರಸಿ

ಉತ್ತರ: ಕತ್ತಲಲ್ಲಿ ಪರದೆ ಕಣ್ಣಿಗೆ ಹೆಚ್ಚು ಪ್ರಖರವಾಗಿ ಕಾಣುತ್ತದೆ. ಅದನ್ನು ನಂಬದೆ ಹಿಸ್ಟೋಗ್ರಾಂ (ಚಿತ್ರದಲ್ಲಿ ಕಪ್ಪಿನಿಂದ ಬಿಳಿವರೆಗಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ. ಎಣ್ಣೆದೀಪದ ಬೆಳಕು ಸುಮಾರು 1900 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಡೇಲೈಟ್‌ನಲ್ಲಿದ್ದರೆ ಎಲ್ಲ ಕಿತ್ತಳೆಯಾಗುತ್ತದೆ. 3000 ಕೆಲ್ವಿನ್ ಸುತ್ತ ಇಟ್ಟರೆ ದೀಪದ ಬೆಚ್ಚನೆ ಉಳಿದು ಚರ್ಮದ ಬಣ್ಣವೂ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮ: ಈ ಬೆಳಕಿನಲ್ಲಿ ಮೊದಲು ತುಂಬಿ ಚೆಲ್ಲುವುದು ಕೆಂಪು ಚಾನೆಲ್. ಒಟ್ಟು ಹಿಸ್ಟೋಗ್ರಾಂ ಸರಿಯಿದ್ದರೂ ಕೆನ್ನೆಯ ವಿವರ ಅಳಿಸಿಹೋಗಿರಬಹುದು. ಕೆಂಪು, ಹಸಿರು, ನೀಲಿ ಬೇರೆಬೇರೆ ತೋರಿಸುವ ಹಿಸ್ಟೋಗ್ರಾಂ ಇದ್ದರೆ ಅದರಲ್ಲಿ ಕೆಂಪಿನ ಬಲತುದಿ ನೋಡಿ. ಅಂಚಿಗೆ ಒತ್ತಿಕೊಂಡಿದ್ದರೆ ಕಾಂಪೆನ್ಸೇಷನ್ ಎರಡು ಕ್ಲಿಕ್ ಕೆಳಗಿಳಿಸಿ.